ಪಿಪಿಟಿ ಸರ್

ಕಲ್ಲೋಳಿ, ಮೂಡಲಗಿ, ಗೋಕಾಕ, ಹುಕ್ಕೇರಿಗಳ ಕಬ್ಬಿನ ಸೀಮೆಯಲ್ಲಿ ಬೆಳೆಗಾರರ ಸಭೆಯಿರಲಿ, ಸ್ವಸಹಾಯ ಸಂಘದ ತರಬೇತಿಯಿರಲಿ, ಬಿಳಿ ಪರದೆ ಇಳಿಬಿಟ್ಟ ಕಡೆಯಲ್ಲೆಲ್ಲ ತಪ್ಪದೆ ಕಾಣಿಸಿಕೊಳ್ಳುವ ವ್ಯಕ್ತಿಯೊಬ್ಬನಿದ್ದಾನೆ. ಅವನನ್ನು 'ಪಿಪಿಟಿ ಸರ್' ಎಂದು ಕರೆದರೆ ತಪ್ಪಾಗದು. ಸಭೆಗೆ ಅರ್ಧ ಗಂಟೆ ಮೊದಲೇ ಬಂದು, ಸಂಘದ ಕಾರ್ಯದರ್ಶಿಯಿಂದ ಎಕ್ಸ್‌ಟೆನ್ಶನ್ ಬೋರ್ಡು ತರಿಸಿಕೊಂಡು, ಕಿಟಕಿಗಳಿಗೆ ಜಮಖಾನೆ ಕಟ್ಟಿಸಿ ಕತ್ತಲೆ ಮಾಡಿಸುವುದು ಅವನ ಮೊದಲ ಲಕ್ಷಣ, "ಹಿಂದ ಕುಂತವರಿಗೆ ಕಾಣಾಕತ್ತೈತೇನ್ರಿ?" ಎಂದು ಮೂರು ಸಲ ಕೇಳುವುದು ಎರಡನೆಯದು.

1987ರಲ್ಲಿ ಮೆಕಿಂಟಾಷ್ ಕಂಪ್ಯೂಟರಿಗಾಗಿ ಹೊರಬಂದ ಪವರ್‌ಪಾಯಿಂಟ್ ಎಂಬ ಸ್ಲೈಡು ತಂತ್ರಾಂಶ, ಅಂದರೆ ಅವನ ಹೆಸರಿನ 'ಪಿಪಿಟಿ', ಬಹುಕಾಲ ಅವನಿಗೆ ಬುಲೆಟ್ಟುಗಳನ್ನಷ್ಟೇ ಒದಗಿಸಿತ್ತು. ಬುಲೆಟ್ ಎಂದರೆ ಈ ಭಾಗದವರಿಗೆ ಥಟ್ಟನೆ ನೆನಪಾಗುವ ಮೋಟಾರ್‌ಸೈಕಲ್ಲಲ್ಲ, ಪ್ರತಿ ಸಾಲಿನ ಮುಂದೆ ಕೂರುವ ಕಪ್ಪು ಚುಕ್ಕೆ. ಕೃತಕ ಬುದ್ಧಿಮತ್ತೆಯ ಪರಿಚಯವಾದ ಮೇಲೆ ಅವನು ಆ ಚುಕ್ಕೆಗಳನ್ನು ತಾತ್ಸಾರದಿಂದ ಕಾಣತೊಡಗಿದ್ದು, 'ವಿಷಯ ವಿಜ಼ುವಲ್ ಆಗಿರಬೇಕು' ಎಂಬ ಮಾತನ್ನು ಮಂತ್ರದಂತೆ ಜಪಿಸುತ್ತಾನೆ. ಪ್ರಾಂಪ್ಟ್, ಅಂದರೆ ಬೇಕಾದ ಚಿತ್ರ ಹೇಗಿರಬೇಕೆಂದು ಯಂತ್ರಕ್ಕೆ ಬರೆದು ಹೇಳುವ ಅಪ್ಪಣೆ, ಬರೆಯುವುದರಲ್ಲೇ ಅವನ ರಾತ್ರಿಗಳು ಕಳೆಯುವುದರಿಂದ, ಸಭೆಯ ವಿಷಯವನ್ನು ಓದಿಕೊಳ್ಳಲು ಸಮಯ ಸಾಲದಿರುವುದು ಸಹಜವೇ.

ಇಂಥ ಯಂತ್ರಗಳಲ್ಲಿ ಹೆಚ್ಚಿನವು ಅಸಂಖ್ಯ ಚಿತ್ರಗಳನ್ನು ಅವುಗಳ ಅಡಿಬರಹದೊಡನೆ ಕಂಡು ಕಲಿತವು. ಗೊತ್ತುಗುರಿಯಿಲ್ಲದ ಚುಕ್ಕೆಗಳ ರಾಶಿಯಿಂದ ಹೊರಟು, ಹಂತಹಂತವಾಗಿ ಅದನ್ನು ತಿಳಿಗೊಳಿಸುತ್ತ ಚಿತ್ರಕ್ಕೆ ತಲುಪುತ್ತವೆ. ಹೆಚ್ಚು ಕಂಡದ್ದನ್ನು ಚೆನ್ನಾಗಿ ಬಿಡಿಸುವ ಅವು ಘಟಪ್ರಭೆಯ ದಂಡೆಯ ಹೊಲಗಳನ್ನು ಎಷ್ಟು ಕಂಡಿವೆಯೋ ಹೇಳಲಾಗದು. ಆದ್ದರಿಂದ ಅವನ ಪರದೆಯ ಮೇಲೆ 52 ಮೀಟರ್ ಎತ್ತರದ ಗೋಕಾಕ ಜಲಪಾತವು ನಯಾಗರದ ಅಗಲಕ್ಕೆ ಹರಡಿಕೊಳ್ಳುತ್ತದೆ, ಕಬ್ಬಿನ ಹೊಲದ ರೈತನ ಕೈಗೆ ಆರನೆಯ ಬೆರಳು ಮೂಡುತ್ತದೆ. ರಟ್ಟ ಅರಸರ ಕಾಲದ, 1204ರ ಕಲ್ಲೋಳಿ ಶಾಸನವನ್ನು ಬಿಡಿಸೆಂದರೆ ರೋಮನ್ ಕಂಬಗಳ ನಡುವೆ ಒಂದು ಕಲ್ಲು ಬಂದು ನಿಲ್ಲುತ್ತದೆ. ಅದರ ಮೇಲಿನ ಲಿಪಿ ಹಳಗನ್ನಡವೂ ಅಲ್ಲ, ಹೊಸಗನ್ನಡವೂ ಅಲ್ಲ, ಒತ್ತಕ್ಷರಗಳು ಮಾತ್ರ ಬಾವಲಿಗಳಂತೆ ಜೋತುಬಿದ್ದಿರುತ್ತವೆ. (ಅಸಲಿ ಶಾಸನ ಯಾವ ಪ್ರೊಜೆಕ್ಟರೂ ಇಲ್ಲದೆ ಬಸದಿಗೆ ಕೊಟ್ಟ ದಾನದ ವಿವರವನ್ನು ಎಂಟುನೂರು ವರ್ಷ ಹೇಳುತ್ತಲೇ ಬಂದಿದೆ.)

ಕಬ್ಬಿನ ಸ್ಲೈಡು ಬಂದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ಏರಿಸಿ, "ಸರ, ಇದು ಬಿದರ ಐತ್ರಿ. ಕಬ್ಬು ಇಷ್ಟ ಎತ್ತರ ಬಂದಿದ್ರ ನಾವ್ಯಾಕ ಇಲ್ಲಿ ಬಂದು ಕುಂದರತಿದ್ವಿ?" ಎನ್ನುವುದುಂಟು. ಪಿಪಿಟಿ ಸರ್ ಇದರಿಂದ ಕುಗ್ಗುವವನಲ್ಲ. 'ಅದು ಸಾಂಕೇತಿಕರಿ' ಎಂದು ಮುಂದಿನ ಸ್ಲೈಡಿಗೆ ಜಿಗಿಯುತ್ತಾನೆ. ಅಲ್ಲಿ ಉದಯಿಸುವ ಸೂರ್ಯನಿರುತ್ತಾನೆ. ಬ್ಯಾಂಕಿನ ಸಾಲದ ಸ್ಲೈಡಿನಲ್ಲೂ ಅವನೇ, ಹನಿ ನೀರಾವರಿಯ ಸ್ಲೈಡಿನಲ್ಲೂ ಅವನೇ.

ಇವನನ್ನು ಮೋಸಗಾರನೆನ್ನುವುದು ಅನ್ಯಾಯ. ಚಹಾ ಬರುವವರೆಗೆ ಸಭಿಕರನ್ನು ಎಚ್ಚರವಿಡುವ ಶಕ್ತಿ ಅವನ ಚಿತ್ರಗಳಿಗಿದೆ, ಅದು ಸಣ್ಣ ಮಾತಲ್ಲ. ಆದರೆ ನಲವತ್ತು ಸ್ಲೈಡುಗಳಲ್ಲಿ ಸಭಿಕರು ಮೊಬೈಲ್ ಎತ್ತಿ ಫೋಟೊ ತೆಗೆದುಕೊಳ್ಳುವುದು ಒಂದನ್ನೇ: ಚಿತ್ರ ಹಾಕಲು ಅವನಿಗೆ ಮರೆತುಹೋಗಿ, ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರಗಳಾಗಿಯೇ ಉಳಿದ ಸ್ಲೈಡು. ಸಾಲಿನಿಂದ ಸಾಲಿಗೆ ಐದು ಅಡಿ ಅಂತರ, ರವದಿ (ಕಬ್ಬಿನ ಒಣಗರಿ) ಸುಡದೆ ಸಾಲುಗಳ ನಡುವೆ ಹೊದಿಸಬೇಕು, ಮಣ್ಣು ಪರೀಕ್ಷೆಗೆ ಅರ್ಧ ಕಿಲೊ ಮಣ್ಣು ಎಂದು ಅದರಲ್ಲಿ ಬರೆದಿರುತ್ತದೆ.