ಅರ್ಕೋಪಜೀವಿಯಾದ ಗ್ರಂಥಯಂತ್ರದ ಪ್ರಯೋಜನ ವಿಚಾರ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದರ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಿಕರ ಮರ್ಯಾದೆಯಾದ್ದರಿಂದ, ಇಲ್ಲಿ ವಿಷಯವು ಕಾಗದವಿಲ್ಲದ ಗ್ರಂಥಯಂತ್ರವೆಂದೂ, ಸಂಬಂಧವು ಅದಕ್ಕೂ ಸೂರ್ಯನಾರಾಯಣನಿಗೂ ನಡುವಣ ಒಂದು ಮೊಳದ ತಂತಿಯೆಂದೂ, ಅಧಿಕಾರಿಯು ತಾರಸಿಯುಳ್ಳ ಗೃಹಸ್ಥನೆಂದೂ ಮೊದಲೇ ಅರಿಕೆ ಮಾಡುತ್ತೇನೆ. ಪ್ರಯೋಜನವನ್ನು ಮುಂದೆ ನೋಡೋಣ, ಸಿಕ್ಕಿದರೆ.

ಪೂರ್ವಪಕ್ಷಿಯ ಆಕ್ಷೇಪವೇನೆಂದರೆ, ಈ ಯಂತ್ರದ ಪರದೆಯಲ್ಲಿ ಕರಿಯ ಬಿಳಿಯ ಕಣಗಳು ಅತಿಸೂಕ್ಷ್ಮವಾದ ಗುಳಿಗೆಗಳೊಳಗೆ ಈಜಾಡಿ ಒಮ್ಮೆ ಅಕ್ಷರವಾಗಿ ನಿಂತವೆಂದರೆ ಅವನ್ನು ನಿಲ್ಲಿಸಿಕೊಂಡಿರಲು ವಿದ್ಯುತ್ತೇ ಬೇಡ, ಪುಟ ಮಗುಚುವಾಗ ಮಾತ್ರ ಬೇಕು. ವಾರಗಟ್ಟಲೆ ಹಸಿವೆಯೆನ್ನದ ಇಂಥ ಮಿತಾಹಾರಿಗೆ ಸಾಕ್ಷಾತ್ ಸೂರ್ಯನನ್ನೇ ಅಡಿಗೆಯವನನ್ನಾಗಿ ನೇಮಿಸುವುದೇಕೆ? ಸಮಾಧಾನವೇನೆಂದರೆ, ಏಕಾದಶಿ ಮಾಡುವವನಿಗೂ ದ್ವಾದಶಿಯ ಪಾರಣೆ ತಪ್ಪಿದ್ದಲ್ಲ. ಕಿಂಡಲ್ ಎಂಬ ಇಂಥದೇ ಗ್ರಂಥಯಂತ್ರಕ್ಕೆ ಸೌರಫಲಕವುಳ್ಳ ಹೊದಿಕೆಯೊಂದು 2012ರಲ್ಲಿಯೇ ಪ್ರಕಟವಾಗಿತ್ತೆಂಬುದು ಶಿಷ್ಟಾಚಾರಕ್ಕೆ ಪ್ರಮಾಣ.

ಗಣಿತವೂ ನಮ್ಮ ಪಕ್ಷದಲ್ಲಿಯೇ ಇದೆ. ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಬಿಸಿಲು ಬೀಳುವುದರಿಂದ, ಅದರಲ್ಲಿ ಐದರಲ್ಲೊಂದು ಪಾಲನ್ನು ದಕ್ಕಿಸಿಕೊಳ್ಳುವ ಅಂಗೈಯಗಲದ ಫಲಕಕ್ಕೆ 2 ವಾಟ್ ಸಲ್ಲುತ್ತದೆ; ಯಂತ್ರದ ಹೊಟ್ಟೆಯೋ ಐದಾರು ವಾಟ್-ಗಂಟೆಯದು; ಮೂರು ತಾಸಿನಲ್ಲಿ ತೃಪ್ತಿ. ಆದರೆ ಗಣಿತದ ಸೂರ್ಯನಿಗೆ ತೆಂಗಿನ ಮರವಿಲ್ಲ. ನಮ್ಮ ತಾರಸಿಯವನಿಗೆ ಎರಡಿವೆ.

ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಉಣಿಸಬಾರದೆಂಬ ನಿಷೇಧವಿರುವುದರಿಂದ, ಅನ್ನ ಬಿಸಿಲಿನಲ್ಲಿಯೂ ಉಣ್ಣುವವನು ನೆರಳಿನಲ್ಲಿಯೂ ಇರತಕ್ಕದ್ದೆಂದು ನಿರ್ಣಯಿಸಿ, ಏಪ್ರಿಲಿನ ಒಂದು ಬೆಳಿಗ್ಗೆ ಫಲಕವನ್ನು ಅಮ್ಮನ ಸಂಡಿಗೆಯ ಸೀರೆಯ ಅಂಚಿನಲ್ಲಿಟ್ಟು, ಯಂತ್ರವನ್ನು ಕೊಡೆಯಡಿ ಮಲಗಿಸಿ, ತೆಂಗಿನ ಗರಿಯ ನೆರಳು ಸರಿದಂತೆಲ್ಲ ಫಲಕವನ್ನೂ, ಫಲಕ ಸರಿದಂತೆಲ್ಲ ಕೊಡೆಯನ್ನೂ, ಕೊಡೆ ಸರಿದಂತೆಲ್ಲ ನನ್ನನ್ನೂ ಸರಿಸುತ್ತ ಕುಳಿತೆನು. ಕೊಡೆಯ ನೆರಳು ಯಂತ್ರಕ್ಕೆ ಸಾಕಾಗುತ್ತಿತ್ತು; ನನ್ನ ತಲೆಗೆ ಬರುತ್ತಿರಲಿಲ್ಲ.

ಅಮ್ಮ ಎರಡನೆಯ ಪಾತ್ರೆ ಹಿಟ್ಟು ತಂದವಳು ನನ್ನನ್ನೂ ತಂತಿಯನ್ನೂ ನೋಡಿ, “ಹೇಗೂ ಕೂತಿದೀಯಲ್ಲಪ್ಪ, ಹಾಗೇ ಕಾಗೆ ಓಡಿಸ್ತಿರು” ಎಂದು ಕೈಗೊಂದು ಕೋಲು ಕೊಟ್ಟಳು. ಬೇಸರ ಕಳೆಯಲು ಅಟ್ಟದಿಂದ ರಟ್ಟು ಕಿತ್ತ ಹಳೆಯ ಕಾದಂಬರಿಯೊಂದನ್ನು ತಂದು, ಅದೇ ಬಿಸಿಲಿನಲ್ಲಿ, ಯಾವ ತಂತಿಯೂ ಇಲ್ಲದೆ ಅರ್ಧ ಓದಿದೆನು. ಸಂಜೆಗೆ ಯಂತ್ರದ ಹೊಟ್ಟೆ ಮುಕ್ಕಾಲು ತುಂಬಿತ್ತು.

ಪ್ರಯೋಜನದ ಮಾತು ಬಾಕಿ ಇದೆಯಷ್ಟೆ. ಆ ವರ್ಷ ನಮ್ಮ ಸಂಡಿಗೆಗೆ ಒಂದು ಕಾಗೆಯೂ ಬಾಯಿ ಹಾಕಲಿಲ್ಲ.