ಆಂಟೆನಾ ಇಳಿಸುವ ಕ್ರಮ

(ಐವತ್ತು ದಾಟಿದ ಕ್ರಿಕೆಟ್ ವೀಕ್ಷಕರ ಬಳಕೆಗೆ. ಕುದೇರು ಮತ್ತು ಸುತ್ತಲಿನ ಊರುಗಳ ಹವಾಮಾನಕ್ಕೆ ತಕ್ಕಂತೆ ತಿದ್ದಿದ್ದು.)

ಬಳಸುವ ಮೊದಲು ಓದಿಕೊಳ್ಳಿ

ಟಿ.ವಿ.ಯಲ್ಲಿ ಮ್ಯಾಚ್ ನೋಡುವ ಚಟ ತಾನಾಗಿಯೇ ಇಳಿಯುತ್ತಿರುವವರಿಗೆ ಮಾತ್ರ ಈ ಕೈಪಿಡಿ. ಬಿಟ್ಟೇ ಬಿಡುತ್ತೇನೆ ಎಂದು ಹಟ ಹಿಡಿದವರಿಗೆ ಇದರಿಂದ ಉಪಯೋಗವಿಲ್ಲ. ಅವರು ಬಿಡುವುದೂ ಇಲ್ಲ. ಉತ್ಪನ್ನದ ಹೆಸರು ನಿರಾಸಕ್ತಿ. ಅಂಗಡಿಯಲ್ಲಿ ಸಿಗುವುದಿಲ್ಲ, ನಲವತ್ತೈದರ ಆಚೆಗೆ ಮನೆ ಬಾಗಿಲಿಗೇ ಬರುತ್ತದೆ. ಬಂದದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತಾಗ ಹಿಂದಿನವನು "ರಾತ್ರಿ ನೋಡುದ್ರಾ ಅಣ್ಣ, ಲಾಸ್ಟ್ ಓವರು?" ಎನ್ನುತ್ತಾನೆ. ನೀವು "ಯಾರ್ಯಾರ್ಗಿತ್ತು?" ಎನ್ನುತ್ತೀರಿ. ಉತ್ಪನ್ನ ಚಾಲೂ ಆಯಿತೆಂದು ಆಗ ತಿಳಿಯತಕ್ಕದ್ದು.

ಜೊತೆಗೆ ಬರುವ ಸಾಮಾನು

ರಿಮೋಟು ಒಂದು (ಮೊಮ್ಮಗನ ಕೈಯಲ್ಲಿದೆ). ಕನ್ನಡಕ ಒಂದು. ಪ್ಲಾಸ್ಟಿಕ್ ಕುರ್ಚಿ ಒಂದು. ಇದರ ಸಂಗತಿ ಮುಂದೆ ಬರುತ್ತದೆ, ಎಸೆಯಬೇಡಿ. ಕರೆಯುವ ಹಸು ಎರಡು.

ಹಸುವಿಗೂ ಕ್ರಿಕೆಟ್ಟಿಗೂ ಏನು ಸಂಬಂಧ ಎಂದು ಬೇರೆ ಜಿಲ್ಲೆಯವರು ಕೇಳಬಹುದು. ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೈರಿ ಇರುವುದೇ ಕುದೇರಿನಲ್ಲಿ. ಇಲ್ಲಿ ಹೊತ್ತು ಹುಟ್ಟುವುದೂ ಮುಳುಗುವುದೂ ಹಾಲಿನ ಲೆಕ್ಕದಲ್ಲಿ. ಐಪಿಎಲ್ ಪಂದ್ಯ ಸಂಜೆ 7.30ಕ್ಕೆ ಶುರುವಾಗಿ ಹನ್ನೊಂದರ ಮೇಲೆ ಮುಗಿಯುತ್ತದೆ. ಹಸು ಬೆಳಗಿನ ಜಾವ ಐದಕ್ಕೆ ಕೂಗುತ್ತದೆ, ಅದಕ್ಕೆ ಸೂಪರ್ ಓವರ್ ಗೊತ್ತಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಇವೆರಡರ ನಡುವಿನ ನಿದ್ದೆ ಧಾರಾಳವಾಗಿ ಸಾಕಾಗುತ್ತಿತ್ತು. ಈಗ ಅದರಲ್ಲಿ ಅರ್ಧ ಬಚ್ಚಲಿಗೆ ಎದ್ದುಹೋಗುವುದರಲ್ಲೇ ಕಳೆಯುತ್ತದೆ.

ಹಂತ ಒಂದು: ಕಾರಣ ಆರಿಸಿಕೊಳ್ಳುವುದು

ಯಾಕೆ ನೋಡುವುದಿಲ್ಲ ಎಂದು ಜನ ಕೇಳಿಯೇ ಕೇಳುತ್ತಾರೆ. ಸಂತೇಮರಹಳ್ಳಿಯ ಟೀ ಅಂಗಡಿಯಲ್ಲಿ ಕೂತಾಗ ಹೇಳಲು ಒಂದು ಕಾರಣ ಜೇಬಿನಲ್ಲಿರಬೇಕು. ಮಾರುಕಟ್ಟೆಯಲ್ಲಿ ನಾಲ್ಕು ಥರದವು ಸಿಗುತ್ತವೆ. ಯಾವುದನ್ನೇ ಕೊಂಡರೂ ಪರೀಕ್ಷಿಸಿ ಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವುದು ಫಿಕ್ಸಿಂಗ್. "ಹ್ಯಾನ್ಸಿ ಕ್ರೋನಿಯೆ ಸಿಕ್ಕಿಬಿದ್ದ ದಿನವೇ ನಾನು ಬಿಟ್ಟೆ" ಎಂದು ಹೇಳಿಕೊಳ್ಳುವವರು ಊರಿಗೊಬ್ಬರಿದ್ದಾರೆ. ದೆಹಲಿ ಪೊಲೀಸರು ಆತನ ಫೋನ್ ಮಾತು ಹೊರಗೆ ತಂದದ್ದು 2000ದ ಏಪ್ರಿಲ್‌ನಲ್ಲಿ. ಮರುವರ್ಷ ಮಾರ್ಚಿನಲ್ಲಿ ಈಡನ್ ಗಾರ್ಡನ್ಸ್‌ನ ಟೆಸ್ಟ್ ನಡೆದಾಗ ಇದೇ ಮಹನೀಯರು ಟಿ.ವಿ.ಗೆ ಮೂಗು ತಾಗಿಸಿಕೊಂಡು ಕೂತಿದ್ದರು, ನೋಡಿದವರಿದ್ದಾರೆ. ಎರಡನೆಯದು ಜಾಹೀರಾತಿನ ಕಾಟ. ಸುಳ್ಳು. 1996ರ ವಿಶ್ವಕಪ್ಪಿಗೆ ಹೆಸರಿಟ್ಟದ್ದೇ ಒಂದು ಸಿಗರೇಟು, ವಿಲ್ಸ್. ಕೋಕಾ ಕೋಲಾ ಅದರ ಅಧಿಕೃತ ಪಾನೀಯವಾದರೆ ಅದನ್ನು ಅಣಕಿಸುವ ಪೆಪ್ಸಿ ಜಾಹೀರಾತು ಇನ್ನೊಂದು ಕಡೆ, ಎರಡನ್ನೂ ಬಾಯಿಪಾಠ ಮಾಡಿಕೊಂಡವರು ನಾವೇ. ಮೂರನೆಯದು, ಟಿ-20 ಕ್ರಿಕೆಟ್ಟೇ ಅಲ್ಲ ಎಂಬುದು. 2007ರ ಸೆಪ್ಟೆಂಬರ್ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಮಿಸ್ಬಾ ಎತ್ತಿದ ಚೆಂಡು ಶ್ರೀಶಾಂತ್ ಕೈಗೆ ಇಳಿಯುವ ತನಕ ಉಸಿರು ಹಿಡಿದದ್ದು ಯಾರು?

ನಾಲ್ಕನೆಯದು ದುಡ್ಡು. ಇರುವುದರಲ್ಲಿ ಇದೇ ಗೌರವಸ್ಥ ಕಾರಣ. 2023ರಿಂದ 2027ರವರೆಗೆ ಐದು ವರ್ಷಗಳ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹರಾಜಾಯಿತು. ಆ ದುಡ್ಡು ನಮ್ಮ ಕಣ್ಣಿಗೆ ಕಟ್ಟಿದ ಬೆಲೆ. ಗೊನೆ ಬಿಡುವ ಮೊದಲೇ ಬಾಳೆತೋಟವನ್ನು ವ್ಯಾಪಾರಿ ಗುತ್ತಿಗೆ ಹಿಡಿಯುವ ಹಾಗೆ ನಿಮ್ಮ ಆಸಕ್ತಿಯನ್ನು 2027ರ ತನಕ ಯಾರೋ ಯಾರಿಗೋ ಮಾರಿಯಾಗಿದೆ, ತೋಟದವನನ್ನು ಕೇಳಿಲ್ಲ ಅಷ್ಟೆ. ಸಿಟ್ಟು ಬರಬೇಕಾದದ್ದೇ. ಆದರೆ ಸಿಟ್ಟು ಬಂದವನು ನೋಡುವುದನ್ನು ಬಿಡುವುದಿಲ್ಲ, ಬೈದುಕೊಂಡು ನೋಡುತ್ತಾನೆ.

ಆದ್ದರಿಂದ ತಯಾರಕರ ಸಲಹೆ: ಕಣ್ಣು ಉರಿಯುತ್ತದೆ ಎಂದುಬಿಡಿ. ಯಾರೂ ಮುಂದೆ ಕೇಳುವುದಿಲ್ಲ, ಬದಲಿಗೆ ತಮ್ಮ ಕಣ್ಣಿನ ಕತೆ ಹೇಳುತ್ತಾರೆ.

ಹಂತ ಎರಡು: ವಯಸ್ಸಿನ ಹೊಂದಾಣಿಕೆ

ಆಟಗಾರರಲ್ಲಿ ನಿಮ್ಮ ಓರಗೆಯವರು ಯಾರಿದ್ದಾರೆ ನೋಡಿಕೊಳ್ಳಿ. ನೀವು 1973ರ ಆಸುಪಾಸಿನವರಾದರೆ ಅದೃಷ್ಟವಂತರು. ದ್ರಾವಿಡ್, ತೆಂಡೂಲ್ಕರ್ ಇಬ್ಬರೂ ಆ ವರ್ಷದವರು. ಅವರು ಆಡುವಷ್ಟು ಕಾಲ ನೀವೂ ಆಡಬಹುದಿತ್ತು ಎಂದು ನಂಬುವುದಕ್ಕೆ ಅಡ್ಡಿಯಿರಲಿಲ್ಲ, ಯಾರೂ ಕರೆಯಲಿಲ್ಲ ಎಂಬುದು ಬೇರೆ ಮಾತು. ಶ್ರೀನಾಥ್ 2003ರಲ್ಲಿ ನಿಲ್ಲಿಸಿದರು. ಕುಂಬ್ಳೆ 2008ರ ನವೆಂಬರ್‌ನಲ್ಲಿ, ತಾವು ಒಂದೇ ಇನಿಂಗ್ಸ್‌ನಲ್ಲಿ ಹತ್ತು ವಿಕೆಟ್ ಕಿತ್ತಿದ್ದ ಕೋಟ್ಲಾದಲ್ಲೇ. ದ್ರಾವಿಡ್ 2012ರ ಮಾರ್ಚಿನಲ್ಲಿ. 2013ರ ನವೆಂಬರ್ 16ರಂದು ವಾಂಖೆಡೆಯಲ್ಲಿ ತೆಂಡೂಲ್ಕರ್ ಪಿಚ್ಚಿಗೆ ಕೈಮುಗಿದು ಹೊರಟ ಮೇಲೆ ಅಂಗಳದಲ್ಲಿ ನಿಮಗೆ ನೆಂಟರೆಂಬುವರು ಉಳಿಯಲಿಲ್ಲ. ಅಂಪೈರುಗಳು ಇದ್ದರು.

ಹೊಂದಾಣಿಕೆ ಮುಗಿದಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. 2025ರ ಏಪ್ರಿಲ್ 28ರಂದು ಜೈಪುರದಲ್ಲಿ ವೈಭವ್ ಸೂರ್ಯವಂಶಿ ಎಂಬ ಹದಿನಾಲ್ಕರ ಹುಡುಗ 35 ಎಸೆತಗಳಲ್ಲಿ ನೂರು ಹೊಡೆದ. 2011ರ ಏಪ್ರಿಲ್ 2ರಂದು ಧೋನಿ ಸಿಕ್ಸರ್ ಎತ್ತಿ ವಿಶ್ವಕಪ್ ಗೆಲ್ಲಿಸಿದಾಗ ಈತ ಹುಟ್ಟಿ ವಾರವೂ ಆಗಿರಲಿಲ್ಲ. ಆ ನೂರು ನೋಡಿದಾಗ "ಭಲೇ!" ಎಂದಿದ್ದರೆ ನಿಮ್ಮಲ್ಲಿ ಇನ್ನೂ ಉಸಿರಿದೆ. "ಎಸ್ಸೆಸ್ಸೆಲ್ಸಿ ಯಾವಾಗ ಬರೀತಾನೆ ಈ ಮಗ?" ಎಂದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

(ದ್ರಾವಿಡ್ ಮಗ ಸಮಿತ್ 2024ರಲ್ಲಿ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ಪರ ಆಡಿದ. ಆ ಸುದ್ದಿ ಓದುವಾಗ ನಮಗೆ ಚಿಂತೆಯಾದದ್ದು ಅಪ್ಪನ ಬಗ್ಗೆ: ಮಗ ಆಡುವಾಗ ಈತ ಹೇಗೆ ಕೂರುತ್ತಾನಪ್ಪಾ!)

ಹಂತ ಮೂರು: ಕುರ್ಚಿಯಿಂದ ಏಳುವುದು

ಕೈಪಿಡಿಯ ತಿರುಳು ಇರುವುದು ಇಲ್ಲಿ. ಉಳಿದ ಭಾಗ ಓದದಿದ್ದರೂ ನಡೆಯುತ್ತದೆ.

ಆ ಕಾಲದಲ್ಲಿ ಮ್ಯಾಚ್ ನೋಡುವುದೆಂದರೆ ಒಂದು ಕೆಲಸ. ಸಂಬಳವಿಲ್ಲ, ಜವಾಬ್ದಾರಿ ಮಾತ್ರ ದೊಡ್ಡದು. ಮೊದಲು ಆಂಟೆನಾದ ಕೆಲಸ. ಹೆಂಚಿನ ಮೇಲೆ ಒಬ್ಬ ಹತ್ತಿ ಪೈಪು ತಿರುಗಿಸಬೇಕು, ಕೆಳಗಿನಿಂದ ಒಬ್ಬ ಕಿಟಕಿಯಲ್ಲಿ ತಲೆ ಹಾಕಿ ವರದಿ ಒಪ್ಪಿಸಬೇಕು. "ಬಂತಾ?" "ಬಂತು, ಬಂತು... ವೋಯ್ತು!" "ಈಗ?" "ಹಂಗೇ ಇರು, ಅಲ್ಲಾಡ್ಬ್ಯಾಡ ಕಣಪ್ಪ!" ಹೆಂಚಿನ ಮೇಲಿದ್ದವನು ಬಿಸಿಲಲ್ಲಿ ಪೈಪು ಅಪ್ಪಿಕೊಂಡು ಹಾಗೇ ನಿಲ್ಲುತ್ತಿದ್ದ. ಅವನಿಗೆ ಒಂದು ಚೆಂಡೂ ಕಂಡಿದ್ದಿಲ್ಲ. ಆದರೆ ಶ್ರೀಕಾಂತ್ ಹೊಡೆದ ಒಂದೊಂದು ಬೌಂಡರಿಯಲ್ಲೂ ಅವನಿಗೆ ಪಾಲಿತ್ತು, ರಾತ್ರಿ ಜಗುಲಿಯಲ್ಲಿ ಅದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಕೇಬಲ್ ಬಂದು ಆಂಟೆನಾದ ಕೆಲಸ ಹೋಯಿತು. ಕೂರುವ ಕೆಲಸ ಉಳಿಯಿತು. 1996ರ ಅಕ್ಟೋಬರ್ 21, ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್, ಎದುರಿಗೆ ಆಸ್ಟ್ರೇಲಿಯಾ. ಗೆಲ್ಲುವುದಕ್ಕೆ 216 ಬೇಕು. ತೆಂಡೂಲ್ಕರ್ 88ಕ್ಕೆ ಔಟಾದಾಗ ಎಂಟು ವಿಕೆಟ್ ಬಿದ್ದು 164. ತೆಂಡೂಲ್ಕರ್ ಔಟಾದರೆ ಟಿ.ವಿ. ಆರಿಸುವುದು ಆಗ ದೇಶಾಚಾರ. ನಮ್ಮ ಬೀದಿಯಲ್ಲೂ ಆರಿದವು. ಒಂದು ಮನೆಯಲ್ಲಿ ಮಾತ್ರ ಒಬ್ಬ ಗೋಡೆಗೊರಗಿ, ಎಡಗಾಲನ್ನು ಬಲಗಾಲ ಮೇಲೆ ಹಾಕಿಕೊಂಡು ಸುಮ್ಮನೆ ಕೂತಿದ್ದ. ಶ್ರೀನಾಥ್ ಒಂದು ಬೌಂಡರಿ ಬಾರಿಸಿದ ಕೂಡಲೇ ಎಲ್ಲರೂ ತಿರುಗಿ ಅವನ ಕಾಲು ನೋಡಿದರು. "ತೆಗೀಬ್ಯಾಡ!" ಮೈಸೂರಿನ ಶ್ರೀನಾಥ್, ಬೆಂಗಳೂರಿನ ಕುಂಬ್ಳೆ ಮುರಿಯದ ಜೊತೆಯಾಟದಲ್ಲಿ 52 ರನ್ ಕೂಡಿಸಿ ಗೆಲ್ಲಿಸಿದರೆಂದು ಬೆಳಿಗ್ಗೆ ಪತ್ರಿಕೆಯವರು ಬರೆದರು. ಬೀದಿಗೆ ಸತ್ಯ ಗೊತ್ತಿತ್ತು. ಕಾಲು ಜೋಮು ಹಿಡಿದು ಏಳಲಾರದವನನ್ನು ಇಬ್ಬರು ರಟ್ಟೆ ಹಿಡಿದು ಎತ್ತಿದ್ದರು.

ಈ ಕೂರುವ ಕೆಲಸ ಪರಾಕಾಷ್ಠೆಗೆ ಹೋದದ್ದು 2001ರ ಮಾರ್ಚ್ 14ರ ಬುಧವಾರ, ಅದೇ ಈಡನ್ ಗಾರ್ಡನ್ಸ್ ಟೆಸ್ಟ್‌ನಲ್ಲಿ. ಫಾಲೋ ಆನ್ ಪಡೆದ ಭಾರತದ ಪರ ಲಕ್ಷ್ಮಣ್, ದ್ರಾವಿಡ್ ಇಡೀ ದಿನ ಆಡಿದರು, ಒಂದು ವಿಕೆಟ್ಟೂ ಬೀಳಲಿಲ್ಲ. ಬೆಳಿಗ್ಗೆ ಎಲ್ಲಿ ಕೂತಿದ್ದರೋ ಸಂಜೆ ತನಕ ಅಲ್ಲೇ. ಅರಿಶಿನಕ್ಕೆ ನೀರು ಕಟ್ಟಲು ಹೋಗಿದ್ದವನು ನಡುವೆ ಒಮ್ಮೆ ಇಣುಕಲು ಬಂದರೆ ಬಾಗಿಲಲ್ಲೇ ತಡೆದು ಹೊಲಕ್ಕೆ ವಾಪಸ್ ಅಟ್ಟಿದೆವು. ಅವನು ಹೋದ ಮೇಲಲ್ಲವೇ ಆಟ ಕುದುರಿದ್ದು. 376 ರನ್ನಿನ ಆ ಜೊತೆಯಾಟವೂ, ಆ ಇನಿಂಗ್ಸ್‌ನಲ್ಲಿ ಲಕ್ಷ್ಮಣ್ ಹೆಸರಿಗೆ 281, ದ್ರಾವಿಡ್ ಹೆಸರಿಗೆ 180 ಇರುವ ಪುಸ್ತಕದಲ್ಲಿ ನಮ್ಮವನ ಅರಿಶಿನದ ಲೆಕ್ಕ ಇಲ್ಲ.

ಈಗ ಎದ್ದು ನೋಡುವ ಪ್ರಯೋಗ. ಮೊದಲು ಒಂದು ದಿನಾಂಕ ಮನಸ್ಸಿನಲ್ಲಿಟ್ಟುಕೊಳ್ಳಿ: 1983ರ ಜೂನ್ 18. ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದೆವು. ಆಗ ಕ್ರೀಸಿನಲ್ಲಿದ್ದ ಕಪಿಲ್ ದೇವ್ 175 ಹೊಡೆದು ಔಟಾಗದೆ ಉಳಿದರು, ಒಂಬತ್ತನೇ ವಿಕೆಟ್ಟಿಗೆ ನಮ್ಮ ಕಿರ್ಮಾನಿ ಜೊತೆ ಸೇರಿ 126. ಆ ಮೈದಾನದಲ್ಲಿ ಟಿ.ವಿ. ಕ್ಯಾಮೆರಾ ಇರಲಿಲ್ಲ. ಕುದೇರಿನಲ್ಲಿರಲಿ, ಲಂಡನ್ನಿನಲ್ಲೂ ಯಾರೂ ಅದನ್ನು ಪರದೆಯ ಮೇಲೆ ನೋಡಲಿಲ್ಲ. ಯಾರೂ ಎಡಗಾಲನ್ನು ಬಲಗಾಲ ಮೇಲೆ ಹಾಕಿ ಕೂತಿರಲಿಲ್ಲ. ಗೆದ್ದರು, ವಾರದಲ್ಲಿ ಕಪ್ಪನ್ನೂ ತಂದರು. ಇಪ್ಪತ್ತರಲ್ಲಿ ಈ ಕತೆ ಕೇಳಿದಾಗ ಅಯ್ಯೋ ನೋಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಐವತ್ತರಲ್ಲಿ ಕೇಳಿದರೆ ಬೇರೊಂದು ಸಂಶಯ ಹುಟ್ಟುತ್ತದೆ.

ಆ ಸಂಶಯ ಬಲಿತ ಮೇಲೆ, ಕೊನೆಯ ಐದು ಓವರ್ ಇರುವ ಬಿಗಿಯಾದ ಮ್ಯಾಚ್ ಒಂದನ್ನು ಆರಿಸಿ ಬೇಕೆಂದೇ ಎದ್ದುಹೋಗಿ. ಕೊಟ್ಟಿಗೆಗೆ ಹೋಗಿ ಹಸುವಿನ ಕೆಚ್ಚಲು ನೋಡಿ. ತ್ರೀ ಫೇಸ್ ಕರೆಂಟು ಬಂದಿದ್ದರೆ ಮೋಟಾರು ಹಾಕಿಬನ್ನಿ. ವಾಪಸ್ ಬಂದಾಗ ಭಾರತ ಸೋತಿದ್ದರೆ ಪ್ರಯೋಗ ವಿಫಲ, ಒಂದು ತಿಂಗಳು ನಿದ್ದೆ ಬರುವುದಿಲ್ಲ. ಗೆದ್ದಿದ್ದರೆ ಒಳಗೆ ಸಣ್ಣದೊಂದು ಅವಮಾನವಾಗುತ್ತದೆ. ಗಾಬರಿಯಾಗಬೇಡಿ. ನಿರಾಸಕ್ತಿ ಸರಿಯಾಗಿ ಕೂತಿದೆ ಎಂಬುದಕ್ಕೆ ಅದೇ ಗುರುತು.

ಹೊರಗಿಟ್ಟ ಭಾಗ

ಆರ್‌ಸಿಬಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊದಲ ಪಂದ್ಯದಲ್ಲೇ ಮೆಕಲಮ್ ಕೈಯಲ್ಲಿ 158 ಹೊಡೆಸಿಕೊಂಡು 82ಕ್ಕೆ ಮುದುರಿಕೊಂಡ ತಂಡ ಅದು. ಅಲ್ಲಿಂದ ಹದಿನೆಂಟನೇ ಆವೃತ್ತಿಯವರೆಗೆ "ಈ ಸಲ ಕಪ್ ನಮ್ದೇ" ಎಂದವರಿಗೆ ತಾವು ಕೂತ ಕುರ್ಚಿಯಿಂದ ಏನೂ ಆಗುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು, ಆದರೂ ಕೂತರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಕಪ್ ಬಂತು. ಮಾರನೆಯ ದಿನ ಚಿನ್ನಸ್ವಾಮಿ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆ ರಾತ್ರಿ ಟಿ.ವಿ. ಆರಿಸಿದ್ದಕ್ಕೆ ವಯಸ್ಸು ಕಾರಣವಲ್ಲ.

ದೋಷ ಮತ್ತು ಪರಿಹಾರ

ಧ್ವನಿ ಬರುತ್ತದೆ, ಎಚ್ಚರ ಇರುವುದಿಲ್ಲ: ಇದು ದೋಷವಲ್ಲ. ಇಂಗ್ಲಿಷು, ಹಿಂದಿ ಎರಡೂ ಸರಿಯಾಗಿ ತಿಳಿಯದೆ, ಕೂಗಿದ ರೀತಿಯಲ್ಲೇ ಔಟೋ ನಾಟೌಟೋ ಎಂದು ಅಂದಾಜು ಮಾಡಿ ಆಟ ಕಲಿತವರು ನಾವು. 2018ರಿಂದ ಐಪಿಎಲ್‌ಗೆ ಕನ್ನಡದಲ್ಲೇ ವಿವರಣೆ ಇದೆ. ಮನೆಯವರು ಮಾತಾಡಿದಂತೆ ಕೇಳುತ್ತದೆ, ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ.

ಡಿಸೆಂಬರ್ ಕೊನೆಯಲ್ಲಿ ಆಸಕ್ತಿ ಮರುಕಳಿಸುವುದು: ಮೆಲ್ಬರ್ನ್ ಟೆಸ್ಟ್ ಶುರುವಾಗುವುದು ನಮ್ಮ ಬೆಳಗಿನ ಐದಕ್ಕೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ. ಇಡೀ ಕ್ರಿಕೆಟ್ ಜಗತ್ತಿನಲ್ಲಿ ಹಸು ಸಾಕಿದವರ ಬಗ್ಗೆ ಯೋಚಿಸಿದ ದೇಶ ಅದೊಂದೇ. ನೋಡಬಹುದು.

ಭಾನುವಾರ ಮಧ್ಯಾಹ್ನದ ಮ್ಯಾಚು, ಹಾಲಿನ ಹೊತ್ತು, ನೀವು ಸುಮ್ಮನೆ ಚಪ್ಪಲಿ ಹುಡುಕಲು ಒಳಗೆ ಬಂದು ಒಂದು ಗಳಿಗೆ ಕುರ್ಚಿಯ ಮೇಲೆ ಕೂತಿದ್ದೀರಿ, ಎದ್ದು ಹೊರಡುತ್ತೀರಿ, ಮೊಮ್ಮಗ ಟಿ.ವಿ.ಯಿಂದ ಕಣ್ಣು ತೆಗೆಯದೆ "ತಾತಾ, ಏಳ್ಬ್ಯಾಡ. ನೀ ಬಂದ್ ಕುಂತ್ಮೇಲೆ ಒಂದ್ ವಿಕೆಟ್ಟೂ ಬಿದ್ದಿಲ್ಲ" ಎನ್ನುತ್ತಾನೆ: ಇದಕ್ಕೆ ತಯಾರಕರಲ್ಲಿ ಪರಿಹಾರವಿಲ್ಲ, ವಾರಂಟಿಯೂ ಇಲ್ಲ. ಯಾವ ಕಾಲಿನ ಮೇಲೆ ಯಾವ ಕಾಲಿತ್ತು ಎಂದು ಅವನನ್ನೇ ಕೇಳಿ ಹಾಗೇ ಇಟ್ಟುಕೊಳ್ಳಿ. ಡೈರಿಗೆ ಕ್ಯಾನು ಬೇರೆ ಯಾರಾದರೂ ಒಯ್ಯಲಿ.