ಹಾಜರಿಗೇ ಟವರಿಲ್ಲ

ನಮ್ಮ ಚೇಳೂರಿನಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡದೆ ಯಾರೂ ಕೊಳ್ಳುವುದಿಲ್ಲ. ದೆಹಲಿಯಲ್ಲಿ ಮಾರುವುದು ಗಾಳಿ. ತಟ್ಟುವುದೆಲ್ಲಿಗೆ? 2022ರ ಹರಾಜಿನಲ್ಲಿ ತರಂಗಾಂತರಕ್ಕೆ ಕಂಪನಿಗಳು ಕೂಗಿದ್ದು ಒಂದೂವರೆ ಲಕ್ಷ ಕೋಟಿ ರೂಪಾಯಿ.

ಅದೇ ವರ್ಷ ಅಕ್ಟೋಬರ್ 1ಕ್ಕೆ 5ಜಿ ಉದ್ಘಾಟನೆ. ತೋರಿಸಲು ಒಂದು ಮಗು ಬೇಕಿತ್ತು. ಉತ್ತರ ಪ್ರದೇಶದ ಹುಡುಗಿಯೊಬ್ಬಳು ವಿಆರ್ ಕನ್ನಡಕದಲ್ಲಿ ಸೌರಮಂಡಲ ನೋಡಿ, ಹಾಲೋಗ್ರಾಂ ಆಗಿ ವೇದಿಕೆಗೆ ಬಂದು ಪ್ರಧಾನಿಗೆ ಅನುಭವ ಹೇಳುತ್ತಾಳೆಂದು ಸರ್ಕಾರವೇ ಪ್ರಕಟಿಸಿತು.

ಈಗ ನಮ್ಮ ಹೋಬಳಿಯ ಒಂದು ಶಾಲೆಗೆ ಬನ್ನಿ. ಬೆಳಿಗ್ಗೆ ಹತ್ತೂವರೆ. ಮೇಷ್ಟ್ರು ನೀರಿನ ತೊಟ್ಟಿಯ ಕಟ್ಟೆ ಹತ್ತಿ, ಫೋನು ಎತ್ತಿ ಹಿಡಿದು ನಿಂತಿದ್ದಾರೆ. ಹಾಜರಿ ಅಪ್‌ಲೋಡ್ ಆಗಬೇಕು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ‘ಟವರ್ ಸಿಗ್ತಿಲ್ಲ ಸಾರ್.’ ಒಳಗೆ ಮಕ್ಕಳು ತಮ್ಮಷ್ಟಕ್ಕೆ ಮಗ್ಗಿ ಒದರುತ್ತಿದ್ದಾರೆ.

ಇವರಿಗೂ ಕನ್ನಡಕ ಬರಲಿದೆಯಂತೆ. ಬರಲಿ. ಆದರೆ ಲೆಕ್ಕ ಕೇಳಿ. ಕನ್ನಡಕ ಹಾಕಿದ ಮಗು ತಲೆ ತಿರುಗಿಸಿದರೆ ಸುಮಾರು 20 ಮಿಲಿಸೆಕೆಂಡಿನೊಳಗೆ ಚಿತ್ರವೂ ತಿರುಗಬೇಕು. ತಡವಾದರೆ ಹೊಟ್ಟೆ ತೊಳಸುತ್ತದೆ. ಮೂವತ್ತು ಮಕ್ಕಳು ಒಟ್ಟಿಗೆ ಹಾಕಿಕೊಂಡರೆ ವೈಫೈಗೆ ಅಗಲವಾದ ರಸ್ತೆ ಬೇಕು. ಅಂಥ ರಸ್ತೆ ಇರುವುದು 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ.

ಅಮೆರಿಕ 2020ರಲ್ಲೇ ಆ ಪಟ್ಟಿಯ 1200 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಕೇಳದೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಬರೀ 500ಕ್ಕೆ ಕರಡು ನಿಯಮ ಬಂದದ್ದು 2025ರ ಮೇ ತಿಂಗಳಲ್ಲಿ. ಅದೂ ಆಗ ಕರಡು. ಮಗು ತಲೆ ತಿರುಗಿಸಿದರೆ 20 ಮಿಲಿಸೆಕೆಂಡು. ಸರ್ಕಾರ ತಲೆ ತಿರುಗಿಸಲು ಐದು ವರ್ಷ. ಹೊಟ್ಟೆ ತೊಳಸುವುದು ಮಾತ್ರ ನಮಗೆ.

ಮಿಕ್ಕ 700? ಅದು ಮೊಬೈಲ್ ಸೇವೆಗೆ ಮೀಸಲು. ಮಗುವಿನ ಹೆಸರಿನಲ್ಲಿ ಮುಹೂರ್ತ, ಕಂಪನಿಯ ಹೆಸರಿನಲ್ಲಿ ಖಾತೆ.

ಇಷ್ಟಾಗಿ, ಗಾಳಿ ಪುಕ್ಕಟೆ ಸಿಕ್ಕರೆ ಸಾಕೆ? ವೈಫೈ ಡಬ್ಬಿಯ ಬೆನ್ನಿಗೆ ಒಂದು ಕೇಬಲ್ ಬರಬೇಕು. ಕರೆಂಟು ಇರಬೇಕು. ಶಿಕ್ಷಣ ಸಚಿವಾಲಯದ್ದೇ ಲೆಕ್ಕ: 2023-24ರಲ್ಲಿ ಇಂಟರ್ನೆಟ್ ಇದ್ದದ್ದು ದೇಶದ ಶೇ 53.9ರಷ್ಟು ಶಾಲೆಗಳಲ್ಲಿ. ಉಳಿದ ಶಾಲೆಗಳಲ್ಲಿ ಆ ಕನ್ನಡಕ ಹಾಕಿಕೊಂಡರೆ ಸೌರಮಂಡಲದ ಒಂದೇ ಪಾಠ ಕಂಡೀತು. ಖಗ್ರಾಸ ಗ್ರಹಣ.

ಮಕ್ಕಳು ಗುರುಗ್ರಹ ನೋಡಬಾರದು ಅಂತಲ್ಲ. ಮೊದಲು ಗುರುಗಳು ಕಟ್ಟೆಯಿಂದ ಇಳಿದು ತರಗತಿಗೆ ಬರಲಿ ಅಂತ. ಆದರೆ ನಮ್ಮವರಿಗೆ ಕೂಸಿಗಿಂತ ಕುಲಾವಿಯ ಮೇಲೇ ಮುದ್ದು. ಕುಲಾವಿ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಕೇಬಲ್ ಬರುವುದಿಲ್ಲ. ಅದನ್ನು ನೆಲದಲ್ಲಿ ಹೂಳಬೇಕು. ಹೂತದ್ದಕ್ಕೆ ರಿಬ್ಬನ್ ಕಟ್ಟಲಾಗದು.

ಹನ್ನೊಂದಾಯಿತು. ಮೇಷ್ಟ್ರು ಇನ್ನೂ ಕಟ್ಟೆಯ ಮೇಲೇ ಇದ್ದಾರೆ. ದೆಹಲಿಯಲ್ಲಿ, ಎದುರಿಗಿಲ್ಲದ ಹುಡುಗಿ ವೇದಿಕೆಗೆ ಹಾಜರು. ಇಲ್ಲಿ, ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತ ಹುಡುಗ ಸರ್ವರಿನಲ್ಲಿ ಗೈರು.